ಬಂದೂಕು ಹಿಡಿಯದವರ ಗೋಧಿ

1874ರ ಜನವರಿ 1ರಂದು ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಹೊರಡಿಸಿದ ಸೈನ್ಯಸೇವಾ ಕಾಯ್ದೆ ಆ ಕಾಲಕ್ಕೆ ಪ್ರಗತಿಪರವೇ ಆಗಿತ್ತು. ಅಲ್ಲಿಯವರೆಗೆ ಸೈನ್ಯಕ್ಕೆ ಆಳು ಒದಗಿಸುವ ಭಾರವೆಲ್ಲ ತೆರಿಗೆ ಕಟ್ಟುವ ಕೆಳವರ್ಗದ ಮೇಲೆ, ಅಂದರೆ ರೈತರ ಮೇಲೆ ಬೀಳುತ್ತಿತ್ತು. ಫ್ರಾನ್ಸನ್ನು ಪ್ರಷ್ಯಾದ ಪಡೆ ಕೆಲವೇ ತಿಂಗಳಲ್ಲಿ ಮಣಿಸಿದ್ದನ್ನು ಕಂಡು ಬೆಚ್ಚಿದ ಯುದ್ಧಮಂತ್ರಿ ದ್ಮಿತ್ರಿ ಮಿಲ್ಯುಟಿನ್, ಕುಲೀನನಿರಲಿ ಒಕ್ಕಲಿಗನಿರಲಿ, ಪ್ರಾಯಕ್ಕೆ ಬಂದ ಗಂಡಸರೆಲ್ಲ ಚೀಟಿ ಎತ್ತಬೇಕು ಎಂಬ ನಿಯಮ ತಂದ. ಆರು ವರ್ಷ ಸಕ್ರಿಯ ಸೇವೆ, ಒಂಬತ್ತು ವರ್ಷ ಮೀಸಲು ಪಡೆ. ಎಲ್ಲರಿಗೂ ಒಂದೇ ನ್ಯಾಯ ಎಂದಮೇಲೆ ಹಳೆಯ ವಿನಾಯಿತಿಗಳೂ ಹೋಗಲೇಬೇಕಲ್ಲ. ಹಾಗೆ ಹೋದವುಗಳಲ್ಲಿ ಉಕ್ರೇನಿನ ಹುಲ್ಲುಗಾವಲಿನಲ್ಲಿ ನೆಲೆಸಿದ್ದ ಜರ್ಮನ್ ಭಾಷಿಕ ಮೆನೊನೈಟ್ ಕ್ರೈಸ್ತರಿಗೆ ಚಕ್ರವರ್ತಿ ಪಾವೆಲ್ 1800ರಲ್ಲಿ ಬರೆದುಕೊಟ್ಟಿದ್ದ ಶಾಶ್ವತ ಸೈನ್ಯಮುಕ್ತಿಯೂ ಒಂದು. ಮುಂದಿನ ಹತ್ತು ವರ್ಷಗಳಲ್ಲಿ ಅವರಲ್ಲಿ ಸುಮಾರು 18,000 ಮಂದಿ, ಮೂರರಲ್ಲಿ ಒಂದು ಪಾಲಿನಷ್ಟು ಜನ, ಅಮೆರಿಕ ಮತ್ತು ಕೆನಡಾಕ್ಕೆ ಗುಳೆ ಎದ್ದರು. ಕಡ್ಡಾಯ ಸೈನ್ಯಸೇವೆ ತಪ್ಪಿಸಿಕೊಳ್ಳಲು ದೇಶ ಬಿಡುವವರಿಂದ ಆಗುವ ಆರ್ಥಿಕ ಪರಿಣಾಮವನ್ನು ಅಳೆಯಲು ಇಷ್ಟು ಸ್ಪಷ್ಟವಾದ ಪ್ರಕರಣ ಚರಿತ್ರೆಯಲ್ಲಿ ಅಪರೂಪ. ತಪ್ಪಿಸಿಕೊಂಡ ಸೈನಿಕರೆಷ್ಟು, ಹೋದ ದುಡಿಯುವ ಕೈಗಳೆಷ್ಟು ಎಂದು ಎಣಿಸುತ್ತ ಕೂತರೆ ಈ ಲೆಕ್ಕ ಕೈಗೆ ಸಿಕ್ಕುವುದಿಲ್ಲ ಎಂಬುದು ನನ್ನ ವಾದ. ಹೋದವರ ಜೊತೆಗೆ ಸಾಲ ಕೊಡುವ, ಬೀಜ ಆಯುವ, ಅನಾಥರ ಆಸ್ತಿ ಕಾಯುವ, ಕೊಟ್ಟ ಮಾತಿಗೆ ಊರೇ ಜಾಮೀನಾಗುವ ಒಂದು ಏರ್ಪಾಡು ಹೋಗಿದೆಯೇ ಎಂದು ನೋಡಬೇಕು. ನಷ್ಟದ ನಿಜವಾದ ಗಾತ್ರ ಅಲ್ಲಿದೆ.

ಮೆನೊನೈಟರಿಗೆ ಸೈನ್ಯಮುಕ್ತಿಯ ಈ ವ್ಯವಹಾರ ಹೊಸದೇನೂ ಆಗಿರಲಿಲ್ಲ. ಹದಿನಾರನೇ ಶತಮಾನದಲ್ಲಿ ನೆದರ್ಲೆಂಡ್ಸಿನ ಮೆನೊ ಸಿಮೊನ್ಸ್‌ನ ಹಿಂದೆ ನಡೆದ ಈ ಪಂಥದವರು ಆಯುಧ ಮುಟ್ಟುವುದಿಲ್ಲ, ಆಣೆ ಮಾಡುವುದಿಲ್ಲ. ಅಲ್ಲಿನ ಕಿರುಕುಳ ತಾಳದೆ ವಿಸ್ಟುಲಾ ನದಿಯ ಜೌಗು ಮುಖಜಭೂಮಿಗೆ ಬಂದು, ಒಡ್ಡು ಕಟ್ಟಿ, ನೀರು ಬಸಿದು, ಗದ್ದೆ ಮಾಡಿಕೊಂಡರು. ಆ ಪ್ರದೇಶ ಪ್ರಷ್ಯಾದ ಪಾಲಾದಾಗ ಫ್ರೆಡರಿಕ್ ದೊರೆ ಅವರ ನಂಬಿಕೆಗೊಂದು ಬೆಲೆ ಕಟ್ಟಿದ: ವರ್ಷಕ್ಕೆ 5,000 ಥಾಲರ್ ಕೊಟ್ಟರೆ ಸೈನ್ಯದಿಂದ ಬಿಡುಗಡೆ. ಆ ಹಣ ಹೋಗುತ್ತಿದ್ದುದು ಕುಲ್ಮ್‌ನ ಸೈನಿಕ ಶಾಲೆಗೆ ಎಂಬುದು ಬೇರೆ ಮಾತು. ಆದರೆ ಪ್ರಷ್ಯಾದಲ್ಲಿ ಸೈನಿಕರ ಭರ್ತಿ ನಡೆಯುತ್ತಿದ್ದುದು ಜಮೀನಿನ ಲೆಕ್ಕದ ಮೇಲೆ. ಮೆನೊನೈಟನೊಬ್ಬ ನೆರೆಯವನ ಹೊಲ ಕೊಂಡರೆ ಆ ಹೊಲದಿಂದ ಬರಬೇಕಾದ ಸೈನಿಕ ಸೈನ್ಯಕ್ಕೆ ಇಲ್ಲವಾಗುತ್ತಿದ್ದ. ಹಾಗಾಗಿ 1789ರ ರಾಜಾಜ್ಞೆ ಅವರ ಭೂಮಿ ಖರೀದಿಯನ್ನೇ ಬಿಗಿಮಾಡಿತು. ಬಂದೂಕು ಹಿಡಿಯದ ಹಕ್ಕು ಉಳಿಯಿತು, ಮಕ್ಕಳಿಗೆ ಹೊಲ ಕೊಳ್ಳುವ ದಾರಿ ಮುಚ್ಚಿತು. ಅದೇ ವರ್ಷ 228 ಕುಟುಂಬಗಳ ಮೊದಲ ತಂಡ ರಷ್ಯಾದ ರಾಣಿ ಕ್ಯಾಥರೀನಳ ಆಹ್ವಾನದ ಮೇರೆಗೆ ದ್ನೀಪರ್ ನದಿಯ ದಂಡೆಗೆ ಬಂದು ಹೋರ್ಟಿತ್ಸಾ ವಸಾಹತು ಹೂಡಿತು. ಇಂದಿನ ಝಪೊರೀಝಿಯಾ ನಗರದ ಭಾಗ ಅದು. 1804ರಲ್ಲಿ ಮೊಲೊಚ್ನಾ ನದಿಯ ಬಳಿ ಇನ್ನೂ ದೊಡ್ಡದೊಂದು ವಸಾಹತು ಎದ್ದಿತು.

ಇಲ್ಲಿ ಅವರಿಗೆ ಕುಟುಂಬಕ್ಕೆ 65 ದೆಸ್ಯಾತಿನ್, ಸುಮಾರು 175 ಎಕರೆ ಸಿಕ್ಕಿತು. ಹಿಸ್ಸೆ ಮಾಡುವಂತಿಲ್ಲ, ಹೊರಗಿನವರಿಗೆ ಮಾರುವಂತಿಲ್ಲ. ರಾಜ್ಯಕ್ಕೆ ಬೇಕಾಗಿದ್ದುದು ಬರಿದಾದ ಹುಲ್ಲುಗಾವಲಿನಲ್ಲಿ ತೆರಿಗೆ ಹುಟ್ಟಿಸುವ ಮಾದರಿ ರೈತರು. ಅದು ಬರಿದಾಗಿರಲೂ ಇಲ್ಲ, ನೊಗಾಯ್ ಪಶುಪಾಲಕರು ಅಲ್ಲಿ ಮಂದೆ ಮೇಯಿಸುತ್ತಿದ್ದರು. ಮುಂದೆ 1860ರ ಸುಮಾರಿಗೆ ಅವರು ಗುಂಪು ಗುಂಪಾಗಿ ತುರ್ಕಿ ಸಾಮ್ರಾಜ್ಯಕ್ಕೆ ಹೊರಟುಹೋದರು. ಮೆನೊನೈಟರ ಕೃಷಿಯ ಮಟ್ಟ ಏರಿಸಿದವನು ಯೊಹಾನ್ ಕೊರ್ನಿಸ್ ಎಂಬ ಭೂಮಾಲೀಕ. 1830ರಲ್ಲಿ ಶುರುವಾದ ಕೃಷಿ ಸಂಘದ ಮುಖ್ಯಸ್ಥನಾಗಿ ಅವನು ನಾಲ್ಕು ಹೊಲದ ಬೆಳೆ ಸರದಿ ಜಾರಿಗೆ ತಂದ, ಒಂದು ಪಾಲು ಹೊಲವನ್ನು ಉತ್ತು ಬೀಳು ಬಿಟ್ಟು ತೇವ ಹಿಡಿದಿಡುವುದನ್ನು ಕಲಿಸಿದ, ಗಿಡ ನೆಡದವನನ್ನು ಬಿಡಲಿಲ್ಲ. ಅವನ ಕಟ್ಟುನಿಟ್ಟನ್ನು ಸ್ವಜನರೇ ಸಹಿಸುತ್ತಿರಲಿಲ್ಲ. ಬೆರ್ದ್ಯಾನ್ಸ್ಕ್ ಬಂದರು ತೆರೆದಮೇಲೆ ಉಣ್ಣೆಯ ಕುರಿಗಳು ಹಿಂದೆ ಸರಿದು ಗೋಧಿ ಮುಂದೆ ಬಂತು. ಒಣ ಬೇಸಗೆ, ಕೊರೆಯುವ ಚಳಿ ಎರಡನ್ನೂ ತಡೆಯುವ ಗಟ್ಟಿ ಕೆಂಪು ಗೋಧಿಯನ್ನು ಶರತ್ಕಾಲದಲ್ಲಿ ಬಿತ್ತುವ ಕ್ರಮ ಹೀಗೆ ರೂಢಿಯಾಯಿತು.

1870ರಲ್ಲಿ ಹೊಸ ಸೈನ್ಯ ನೀತಿಯ ಸುದ್ದಿ ಹರಡಿದಾಗ ಹಿರಿಯರ ನಿಯೋಗಗಳು ರಾಜಧಾನಿಗೆ ಅಲೆದವು, ಬರಿಗೈಲಿ ಮರಳಿದವು. 1873ರ ಬೇಸಗೆಯಲ್ಲಿ ಹನ್ನೆರಡು ಜನರ ತಂಡವೊಂದು ಉತ್ತರ ಅಮೆರಿಕಕ್ಕೆ ಹೋಗಿ ನೆಲ ನೋಡಿಬಂತು. ಆಮೇಲೆ ನಡೆದದ್ದು ಒಂಟಿ ಯುವಕರ ಪಲಾಯನವಾಗಿರಲಿಲ್ಲ. ಮರಿಯುಪೋಲ್ ಬಳಿಯ ಬೆರ್ಗ್‌ಥಾಲ್ ವಸಾಹತು, ಸುಮಾರು 3,000 ಜನ, ಹೆಚ್ಚುಕಡಿಮೆ ಇಡಿಯಾಗಿ ಹೊರಟಿತು. ಮೊಲೊಚ್ನಾದ ಅಲೆಕ್ಸಾಂಡರ್‌ವೋಲ್ ಗ್ರಾಮದ ಸಭೆಯವರು ಎಂಟುನೂರರಷ್ಟು ಮಂದಿ ಎರಡು ಹಡಗು ಹತ್ತಿದರು. ಅವರ ಊರಿಗೆ ಹೆಸರು ಬಂದದ್ದು ಹಿಂದೆ ರಷ್ಯಾಕ್ಕೆ ಬರುವ ದಾರಿಯಲ್ಲಿ ಎದುರಾಗಿ ಶುಭ ಹಾರೈಸಿದ ಒಂದನೇ ಅಲೆಕ್ಸಾಂಡರ್‌ನಿಂದ, ಊರು ಬಿಡಿಸಿದ್ದು ಅವನ ತಮ್ಮನ ಮಗ ಎರಡನೇ ಅಲೆಕ್ಸಾಂಡರ್‌ನ ಕಾಯ್ದೆ. ಮುದುಕರು, ಬಾಣಂತಿಯರು, ಸೈನ್ಯಕ್ಕೆ ಎಂದೂ ಬೇಕಾಗದ ಹೆಣ್ಣುಮಕ್ಕಳು ಎಲ್ಲರೂ ಹೊರಟರು. ಸೈನ್ಯಕ್ಕೆ ಸೇರಬೇಕಾಗಿದ್ದ ಪ್ರತಿಯೊಬ್ಬ ಹುಡುಗನ ಹಿಂದೆ ಹಲವು ಜನ ಹೋದರು, ಅವರ ಹಿಂದೆ ‘ವೈಸೆನಾಂಟ್’ ಕೂಡ ಹೋಯಿತು. ಇದು ಅನಾಥರ ಮತ್ತು ವಿಧವೆಯರ ಆಸ್ತಿಯನ್ನು ನಿರ್ವಹಿಸುತ್ತಿದ್ದ ಸಮುದಾಯದ ಖಜಾನೆ. ತಂದೆ ಸತ್ತ ಮಕ್ಕಳ ಪಾಲನ್ನು ಇಲ್ಲಿ ಇಟ್ಟು, ಅದನ್ನೇ ಬಡ್ಡಿಗೆ ಊರಿನವರಿಗೆ ಸಾಲ ಕೊಡುತ್ತಿದ್ದರು. ಬ್ಯಾಂಕು ಕಾಣದ ಹುಲ್ಲುಗಾವಲಿನಲ್ಲಿ ಇದೇ ಬ್ಯಾಂಕು. ಕೈಯಲ್ಲಿ ಕಾಸಿಲ್ಲದವರು ಸಾಗರ ದಾಟಿದ್ದು ಇಂಥ ಸಮುದಾಯದ ಹಣದ ಬಲದಿಂದ, ಕೆನಡಾದ ಮ್ಯಾನಿಟೋಬಾದಲ್ಲಿ ಮತ್ತೆ ತೆರೆದ ಮೊದಲ ಸಂಸ್ಥೆಗಳಲ್ಲಿ ಇದೂ ಒಂದು.

ಬಂಡಿಗಳು ಹೊರಡಲು ಸಿದ್ಧವಾದಮೇಲೆ ಪೀಟರ್ಸ್‌ಬರ್ಗ್‌ಗೆ ಎಚ್ಚರವಾಯಿತು. 1874ರ ವಸಂತದಲ್ಲಿ ಸೆವಾಸ್ತೊಪೋಲ್ ಕೋಟೆಯನ್ನು ಕಾದು ಹೆಸರಾಗಿದ್ದ ಜನರಲ್ ಎಡ್ವರ್ಡ್ ಟೊಟ್ಲೆಬೆನ್‌ನನ್ನು ಸಂಧಾನಕ್ಕೆ ಕಳಿಸಿದರು. ಒಬ್ಬ ಸೇನಾಪತಿ ಯುದ್ಧವಿರೋಧಿ ರೈತರ ಮುಂದೆ ನಿಂತು, ಹೋಗಬೇಡಿ, ಬಂದೂಕಿಲ್ಲದ ಕೆಲಸ ಕೊಡುತ್ತೇವೆ ಎಂದು ಕೇಳಿಕೊಂಡದ್ದು ಆ ಸಾಮ್ರಾಜ್ಯದಲ್ಲಿ ದಿನವೂ ನಡೆಯುವ ಸಂಗತಿಯಲ್ಲ. 1875ರಲ್ಲಿ ಅದು ಕಾನೂನಾಯಿತು. ಮೆನೊನೈಟ್ ಯುವಕರು ಸೈನ್ಯದ ಬದಲು ಸರ್ಕಾರಿ ಅರಣ್ಯಗಳಲ್ಲಿ ಗಿಡ ನೆಟ್ಟು ಸಾಕಬೇಕು; ಅವರ ಬಿಡಾರ, ಊಟ, ಬಟ್ಟೆಯ ಖರ್ಚು ಸಮುದಾಯದ್ದೇ. ಇದಕ್ಕಾಗಿ ಉಳಿದವರು ತಮ್ಮ ಮೇಲೆ ತಾವೇ ಆಸ್ತಿ ತೆರಿಗೆ ಹಾಕಿಕೊಂಡರು. ಕೆಲವು ಸಾವಿರ ಸೈನಿಕರ ಕೊರತೆಗೆ ಹೆದರಿ ಯಾವ ಸಾಮ್ರಾಜ್ಯವೂ ಹೀಗೆ ಬಗ್ಗುವುದಿಲ್ಲ. ರಷ್ಯಾಕ್ಕೆ ಆಳುಗಳ ಬರ ಎಂದೂ ಇರಲಿಲ್ಲ. ಮಾದರಿ ಹೊಲಗಳು, ನಿಯತ್ತಾಗಿ ಬರುವ ತೆರಿಗೆ, ಸುತ್ತಲ ಹಳ್ಳಿಗಳಿಗೆ ಹಬ್ಬುತ್ತಿದ್ದ ಕೃಷಿಜ್ಞಾನ ಕೈಬಿಟ್ಟು ಹೋಗುತ್ತಿವೆ ಎಂಬುದೇ ಅದನ್ನು ಕುಗ್ಗಿಸಿದ್ದು. ಸೈನ್ಯಸೇವೆಗೆ ಒಂದು ಆರ್ಥಿಕ ಬೆಲೆಯಿದೆ ಎಂದು ಯುದ್ಧ ಇಲಾಖೆಗೆ ಕಾಣುವುದು ಜನ ಹೊರಟು ನಿಂತಾಗಲೇ. ಅಷ್ಟರೊಳಗೆ ಮೂರನೇ ಒಂದು ಭಾಗ ಮನಸ್ಸು ಮಾಡಿಯಾಗಿತ್ತು.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಇವರು ಹೋದದ್ದು ಸೈನ್ಯಕ್ಕೆ ಹೆದರಿಯಲ್ಲ, ಭೂಮಿ ಸಾಲದೆ ಎನ್ನುವವರಿದ್ದಾರೆ. ಹಿಸ್ಸೆ ಮಾಡಬಾರದ ಜಮೀನು, ಮನೆತುಂಬ ಮಕ್ಕಳು, ಎರಡೂ ಸೇರಿ 1860ರ ದಶಕದ ಹೊತ್ತಿಗೆ ಮೊಲೊಚ್ನಾದ ಹೆಚ್ಚಿನ ಕುಟುಂಬಗಳು ಭೂರಹಿತವಾಗಿದ್ದವು. ಭೂಮಿ ಇದ್ದವರಿಗೆ ಮಾತ್ರ ಗ್ರಾಮಸಭೆಯಲ್ಲಿ ಮತವಿದ್ದುದರಿಂದ ದೊಡ್ಡ ಜಗಳವೇ ಎದ್ದಿತ್ತು. ಮಾತು ನಿಜ, ಆದರೆ ವರ್ಷಗಳನ್ನು ಸಾಲಾಗಿ ಇಟ್ಟು ನೋಡಬೇಕು. ಆ ಜಗಳಕ್ಕೆ ಸರ್ಕಾರ 1866ರಲ್ಲೇ ಮಧ್ಯೆ ಬಂದು ಪರಿಹಾರ ಸೂಚಿಸಿತ್ತು. ಭೂಮಿ ಸಾಲದಾದಾಗಲೆಲ್ಲ ಅವರು ಮಾಡುತ್ತ ಬಂದದ್ದು ರಷ್ಯಾದೊಳಗೇ ಮರಿ ವಸಾಹತು ಹೂಡುವುದನ್ನು. ಬೆರ್ಗ್‌ಥಾಲ್ ಹುಟ್ಟಿದ್ದೇ 1836ರಲ್ಲಿ ಹಾಗೆ. ಹಡಗು ಹತ್ತುವ ಯೋಚನೆ ಬಂದದ್ದು 1870ರ ಸುದ್ದಿಯ ನಂತರ. ಅರಣ್ಯಸೇವೆಯ ರಾಜಿ ಗಟ್ಟಿಯಾಗುತ್ತಿದ್ದಂತೆ ಹೊರಡುವವರ ಸಂಖ್ಯೆ ಇಳಿಯಿತು, ಭೂಮಿಯ ಹಸಿವು ಮಾತ್ರ ಇಳಿಯಲಿಲ್ಲ. ಉಳಿದವರು ಮುಂದಿನ ದಶಕಗಳಲ್ಲಿ ಒರೆನ್‌ಬುರ್ಗ್, ಸೈಬೀರಿಯಾದವರೆಗೂ ಜಮೀನು ಕೊಳ್ಳುತ್ತ ಹೋದರು. ಭೂಮಿಯ ಅಭಾವ ಅವರನ್ನು ಊರು ಬಿಡಿಸುತ್ತಿತ್ತು, ದೇಶ ಬಿಡಿಸಿದ್ದು ಸೈನ್ಯದ ಕಾಯ್ದೆ. ಇಂಥ ವಲಸೆಯಲ್ಲಿ ಆತ್ಮಸಾಕ್ಷಿ, ಹೊಟ್ಟೆಪಾಡು ಎಂದು ಎರಡು ಖಾತೆ ತೆರೆದು ಅಂಕಿ ತುಂಬುವುದು ಚರಿತ್ರಕಾರರ ಅನುಕೂಲಕ್ಕಷ್ಟೇ. ಪ್ರಷ್ಯಾದ 1789ರ ಆಜ್ಞೆಯನ್ನು ನೋಡಿದವರಿಗೆ ಅವೆರಡೂ ಒಂದೇ ಹೊಲದ ಎರಡು ಬದು ಎಂದು ತಿಳಿದಿರುತ್ತದೆ.

ಇನ್ನೊಂದು ಆಕ್ಷೇಪ ಗಾತ್ರದ್ದು. ಕೋಟಿಗಟ್ಟಲೆ ಜನರಿದ್ದ ಸಾಮ್ರಾಜ್ಯಕ್ಕೆ 18,000 ಎಷ್ಟರ ಲೆಕ್ಕ? ರಷ್ಯಾದ ಧಾನ್ಯ ರಫ್ತು 1870ರ ದಶಕದಲ್ಲಿ ಕುಸಿಯಲಿಲ್ಲ, ಹೆಚ್ಚಿತು. ಬಿಟ್ಟುಹೋದ ಹೊಲಗಳನ್ನು ಬೇರೆಯವರು ಕೊಂಡು ಉತ್ತರು. ಉಳಿದ ಮೆನೊನೈಟರು ಹೋರ್ಟಿತ್ಸಾದ ಲೆಪ್ ಮತ್ತು ವಾಲ್‌ಮನ್‌ನಂಥ ಕಾರ್ಖಾನೆಗಳಲ್ಲಿ ಕೊಯ್ಲು ಯಂತ್ರ ತಯಾರಿಸಿ ದಕ್ಷಿಣ ರಷ್ಯಾಕ್ಕೆಲ್ಲ ಮಾರಿದರು. ಬಿಟ್ಟ ದೇಶದ ಜಮಾಖರ್ಚಿನಲ್ಲಿ ನಷ್ಟದ ಸಾಲು ಹುಡುಕಿದರೆ ಸಿಗುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಹೋದದ್ದು ಆಗಬಹುದಾಗಿದ್ದ ಉತ್ಪತ್ತಿ. ಆಗದೇ ಹೋದದ್ದಕ್ಕೆ ಯಾವ ದಫ್ತರವೂ ಪುಟ ತೆಗೆಯುವುದಿಲ್ಲ. ಹೋಗಿ ಸೇರಿದ ಕಡೆಯ ಪುಸ್ತಕವನ್ನು ತೆರೆದಾಗಲೇ ಅದರ ಅಂದಾಜು ಸಿಗುವುದು.

ಅಮೆರಿಕದ ಕಾನ್ಸಾಸ್‌ನಲ್ಲಿ ಆ ಪುಸ್ತಕ ಒಂದು ದಂತಕತೆಯಿಂದ ಶುರುವಾಗುತ್ತದೆ. ಹೊರಡುವ ಮೊದಲು ಮಕ್ಕಳು ಒಂದೊಂದೇ ಕೆಂಪು ಕಾಳು ಆರಿಸಿ ಟ್ರಂಕಿಗೆ ತುಂಬಿದರು, ಆ ಬೀಜದಿಂದ ಅಮೆರಿಕದ ಬಯಲು ಬಂಗಾರವಾಯಿತು ಎಂಬುದು ಕತೆ. ಕೃಷಿ ಚರಿತ್ರಕಾರರು ಇದನ್ನು ಸಾಕಷ್ಟು ಜಾಲಿಸಿದ್ದಾರೆ. ಗಟ್ಟಿ ಚಳಿಗಾಲದ ಗೋಧಿ 1874ಕ್ಕೂ ಮುನ್ನ ಅಲ್ಲಲ್ಲಿ ಇತ್ತು, ಟ್ರಂಕಿನ ಬೀಜ ನಾಡಿಗೆಲ್ಲ ಸಾಲುವಂಥದ್ದಲ್ಲ, ಮೊದಲ ವರ್ಷಗಳಲ್ಲಿ ಈ ಗೋಧಿಗೆ ಬೆಲೆಯೂ ಇರಲಿಲ್ಲ. ಮೆದು ಗೋಧಿಗೆ ಒಗ್ಗಿದ್ದ ಬೀಸುಕಲ್ಲಿನ ಗಿರಣಿಗಳಲ್ಲಿ ಇದರ ಹೊಟ್ಟು ಪುಡಿಯಾಗಿ ಹಿಟ್ಟಿಗೆ ಬೆರೆಯುತ್ತಿತ್ತು, ಗಿರಣಿಯವರು ಮೂಗು ಮುರಿದು ಕಡಿಮೆ ಬೆಲೆಗೆ ಕೇಳುತ್ತಿದ್ದರು. ಉಕ್ಕಿನ ಉರುಳೆಗಳ ಗಿರಣಿ ಬಂದಮೇಲೆ ಕತೆ ಬದಲಾಯಿತು. ಇಲ್ಲಿಯೇ ಬೆರ್ನ್‌ಹಾರ್ಡ್ ವಾರ್ಕೆಂಟಿನ್ ಎಂಬ ಮೆನೊನೈಟ್ ಬರುತ್ತಾನೆ. ಗಿರಣಿ ಮನೆತನದ ಈ ಯುವಕ ಹಾಲ್‌ಸ್ಟೆಡ್ ಊರಿನಲ್ಲಿ ಗಿರಣಿ ಹಾಕಿದ, ಆಮೇಲೆ ನ್ಯೂಟನ್‌ಗೆ ಹೋದ, ಉಕ್ರೇನಿನಲ್ಲಿ ಉಳಿದಿದ್ದ ಬಂಧುಬಳಗದ ಮೂಲಕ ಬೀಜದ ಗೋಧಿಯನ್ನು ದೊಡ್ಡ ಪ್ರಮಾಣದಲ್ಲಿ ತರಿಸಿದ, ಕೃಷಿ ಇಲಾಖೆಯ ಮಾರ್ಕ್ ಕಾರ್ಲ್ಟನ್ ರಷ್ಯಾದ ತಳಿಗಳನ್ನು ಅರಸಿ ಹೊರಟಾಗಲೂ ಈ ಪ್ರಯತ್ನದ ಜೊತೆ ನಿಂತ. 1919ರ ಗಣತಿಯ ಹೊತ್ತಿಗೆ ‘ಟರ್ಕಿ’ ಎಂದು ಹೆಸರಾದ ಈ ಗೋಧಿ ಅಮೆರಿಕದ ಗಟ್ಟಿ ಚಳಿಗಾಲದ ಗೋಧಿಯ ಹೊಲಗಳನ್ನು ಹೆಚ್ಚುಕಡಿಮೆ ಪೂರ್ತಿ ಆವರಿಸಿತ್ತು. ದಂತಕತೆ ಬಿದ್ದರೂ ನನ್ನ ವಾದಕ್ಕೆ ಪೆಟ್ಟಿಲ್ಲ, ಬಲವೇ ಬರುತ್ತದೆ. ಟ್ರಂಕಿನಲ್ಲಿ ಬಂದ ಕಾಳಿಗಿಂತ, ಬೀಜ ಎಲ್ಲಿ ಸಿಗುತ್ತದೆ, ಯಾರಿಗೆ ಬರೆದರೆ ಕಳಿಸುತ್ತಾರೆ, ಯಾವಾಗ ಬಿತ್ತಬೇಕು, ಎಂಥ ಗಿರಣಿ ಬೇಕು ಎಂಬ ತಿಳಿವಳಿಕೆಯೇ ಹೆಚ್ಚು ಬಾಳಿತು. ಅವರ ಉಪಕರಣಗಳ ಗತಿ ಇದಕ್ಕೆ ಸಾಕ್ಷಿ. ನಮ್ಮ ಕಣಗಳಲ್ಲಿ ಉರುಳುತ್ತಿದ್ದ ರೋಣಗಲ್ಲಿನಂಥದೇ ಹಲ್ಲುಕಲ್ಲುಗಳನ್ನು ಅವರು ಕಾನ್ಸಾಸ್‌ನ ಸುಣ್ಣಕಲ್ಲಿನಲ್ಲಿ ಕೆತ್ತಿಸಿದರು. ಒಕ್ಕಣೆ ಯಂತ್ರಗಳು ಸಲೀಸಾಗಿ ಸಿಗುತ್ತಿದ್ದ ನಾಡಿನಲ್ಲಿ ಅವು ಬೇಗನೆ ಮೂಲೆ ಸೇರಿದವು, ಈಗ ಸ್ಮಾರಕವಾಗಿ ನಿಂತಿವೆ.

ಟರ್ಕಿ ಗೋಧಿಯ ಒಂದು ಎಳೆ ನಮ್ಮ ದೇಶಕ್ಕೂ ಬಂದಿದೆ ಎಂಬುದನ್ನು ಇಲ್ಲಿ ಹೇಳದಿರಲಾರೆ. ಜಪಾನಿನಲ್ಲಿ 1935ರಲ್ಲಿ ಬಿಡುಗಡೆಯಾದ ‘ನೋರಿನ್ 10’ ತಳಿಯ ವಂಶಾವಳಿಯಲ್ಲಿ ಟರ್ಕಿ ರೆಡ್ ಇದೆ. ಗಿಡ್ಡತನದ ಗುಣ ಬಂದದ್ದು ಜಪಾನಿನ ದಾರುಮಾದಿಂದ, ನಿಜ. ಆ ನೋರಿನ್‌ನಿಂದಲೇ ನಾರ್ಮನ್ ಬೊರ್ಲಾಗ್‌ರ ಮೆಕ್ಸಿಕನ್ ಗಿಡ್ಡ ಗೋಧಿಗಳು ಹುಟ್ಟಿದವು, 1966ರಲ್ಲಿ ಭಾರತ 18,000 ಟನ್ ಬೀಜ ತರಿಸಿಕೊಂಡದ್ದು ಆ ಗೋಧಿಗಳದ್ದು.

ಮೆನೊನೈಟರು ಕಾನ್ಸಾಸ್‌ಗೆ ಬಂದಿಳಿದ ಗಳಿಗೆಯೂ ಗಮನಿಸಬೇಕಾದದ್ದು. 1874ರ ಬೇಸಗೆಯಲ್ಲಿ ಕಾನ್ಸಾಸ್‌ನ ಹೊಲಗಳನ್ನು ಮಿಡತೆ ಹಿಂಡು ತಿಂದು ಬಯಲು ಮಾಡಿತ್ತು, ಎಷ್ಟೋ ಒಕ್ಕಲುಗಳು ಗಂಟುಮೂಟೆ ಕಟ್ಟುತ್ತಿದ್ದವು. ಸರ್ಕಾರ ಕೊಟ್ಟ ಸುಮಾರು 30 ಲಕ್ಷ ಎಕರೆ ಭೂಮಿಯನ್ನು ಮಾರಿ ಹಳಿಗೆ ಸರಕು ಹುಟ್ಟಿಸಬೇಕಿದ್ದ ಸಾಂಟಾ ಫೇ ರೈಲ್ವೆ ಕಂಪನಿಗೆ, ಕೈಯಲ್ಲಿ ದುಡ್ಡು ಹಿಡಿದು ಸಾಲುಸಾಲಾಗಿ ಜಮೀನು ಕೊಳ್ಳುವ ಊರುಗಳೇ ಬಂದದ್ದು ದೇವರು ಕೊಟ್ಟ ವರ. ಕಂಪನಿಯ ಏಜೆಂಟ್ ಸಿ. ಬಿ. ಶ್ಮಿಟ್ ಅವರನ್ನು ಒಲಿಸಲು ರಷ್ಯಾದವರೆಗೂ ಹೋಗಿಬಂದ. ಕಾನ್ಸಾಸ್ ರಾಜ್ಯ ಅದೇ ವರ್ಷ ತನ್ನ ನಾಗರಿಕ ಪಡೆಯಿಂದ ಅವರಿಗೆ ವಿನಾಯಿತಿ ಕೊಟ್ಟಿತು. ಬಂದೂಕು ಹಿಡಿಯದ ಹಕ್ಕು ಎಂಬುದು ಜಮೀನು ಮಾರಾಟದ ಜಾಹೀರಾತಿನ ಒಂದು ಅಂಶವಾಯಿತು.

ಬಡವರು ಹೆಚ್ಚಾಗಿ ಹೋದದ್ದು ಮ್ಯಾನಿಟೋಬಾಕ್ಕೆ, ಸುಮಾರು 7,000 ಜನ. ಕೆನಡಾ 1873ರ ಜುಲೈನಲ್ಲೇ ಸೈನ್ಯಮುಕ್ತಿಯ ಭರವಸೆಯ ಪತ್ರ ಬರೆದಿತ್ತು; ಕೆಂಪು ನದಿಯ ಎರಡು ಕಡೆ ಅವರಿಗೆಂದೇ ಭೂಮಿಯನ್ನೂ ಮೀಸಲಿಟ್ಟಿತು. ಮರವಿಲ್ಲದ ಬಯಲಿನಲ್ಲಿ ಸೌದೆಯಿಲ್ಲ, ತೊಲೆಯಿಲ್ಲ, ಒಕ್ಕಲುತನ ಆಗದು ಎಂದು ಸ್ಥಳೀಯರು ನಂಬಿದ್ದರು. ಪಶ್ಚಿಮದ ಮೀಸಲು ಅಂಥ ಬಯಲೇ. ಸಗಣಿ ಒಣಗಿಸಿ ಉರಿಸುವ, ಇಟ್ಟಿಗೆ ಒಲೆಯಿಂದ ಮನೆಯೆಲ್ಲ ಬೆಚ್ಚಗಿಡುವ ವಿದ್ಯೆ ಉಕ್ರೇನಿನಲ್ಲಿ ಕಲಿತವರು ಅಲ್ಲಿ ಬೀದಿಸಾಲಿನ ಹಳ್ಳಿ ಕಟ್ಟಿ ಉಳುಮೆ ಹೂಡಿದರು. ಮೊದಲ ಬೆಳೆ ಮಿಡತೆಗೆ ಹೋದಾಗ ಕೆನಡಾ ಸರ್ಕಾರ 96,400 ಡಾಲರ್ ಸಾಲ ಕೊಟ್ಟಿತು. ಜಾಮೀನು ನಿಂತವರು ಓಂಟಾರಿಯೋದ ಮೆನೊನೈಟರು, ಬೇರೆ ಆಡುನುಡಿಯ, ಮುಖಪರಿಚಯವಿಲ್ಲದ ವಲಸಿಗರ ಸಾಲಕ್ಕೆ ತಮ್ಮ ಹೊಲ ಒಡ್ಡಿದವರು. 1892ರ ಹೊತ್ತಿಗೆ ಸಾಲ ತೀರಿತು. 1877ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಗವರ್ನರ್ ಜನರಲ್ ಲಾರ್ಡ್ ಡಫರಿನ್, ಮುಂದೆ ಭಾರತದ ವೈಸ್‌ರಾಯ್ ಆದವನು, ಮೂರು ವರ್ಷದ ಹಳ್ಳಿಗಳನ್ನು ಕಂಡು ಬಾಯ್ತುಂಬ ಹೊಗಳಿದ.

ಇಷ್ಟಾದಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಜಾರಿಸಿಬಿಡುವಂತಿಲ್ಲ. ಇವರು ಬಿಟ್ಟ ಭಾರವನ್ನು ಹೊತ್ತವರು ಯಾರು? 1877ರಲ್ಲಿ ರಷ್ಯಾ ತುರ್ಕಿಯ ಮೇಲೆ ಯುದ್ಧಕ್ಕೆ ಹೋದಾಗ ಪ್ಲೆವ್ನಾದ ಕಂದಕಗಳಲ್ಲಿ ಸತ್ತ ರೈತನಿಗೂ ಹೊಲವಿತ್ತು, ಆತ್ಮಸಾಕ್ಷಿಯೂ ಇತ್ತು. ಜೀತದಿಂದ ಬಿಡುಗಡೆಯಾದದ್ದಕ್ಕೆ ಕಂತು ಕಟ್ಟುತ್ತ ಗ್ರಾಮಪಂಗಡಕ್ಕೆ ಕಟ್ಟುಬಿದ್ದಿದ್ದ ಅವನಿಗೆ ಹಡಗಿನ ಟಿಕೆಟ್ಟು ಇರಲಿಲ್ಲ. ದೇಶ ಬಿಡುವುದು ಸಂಘಟನೆ ಮತ್ತು ಬಂಡವಾಳ ಇದ್ದವರ ಅನುಕೂಲ, ಆದ್ದರಿಂದಲೇ ಸೈನ್ಯಸೇವೆ ತಪ್ಪಿಸಿಕೊಳ್ಳುವ ವಲಸೆ ದೇಶದ ಸರಾಸರಿಗಿಂತ ಮೇಲಿನವರನ್ನು ಒಯ್ಯುತ್ತದೆ. ಅವರು ಪಡೆದ ಭೂಮಿಯೂ ಪುಕ್ಕಟೆಯದಲ್ಲ. ಮ್ಯಾನಿಟೋಬಾದ ನೆಲ 1871ರ ಒಪ್ಪಂದದಲ್ಲಿ ಅನಿಶಿನಾಬೆ ಮತ್ತು ಕ್ರೀ ಜನರಿಂದ ಸರ್ಕಾರಕ್ಕೆ ಬಂದದ್ದು. ಕಾನ್ಸಾಸ್‌ನಿಂದ ಕಾ ಬುಡಕಟ್ಟಿನ ಕೊನೆಯವರನ್ನು ದಕ್ಷಿಣಕ್ಕೆ ಅಟ್ಟಿದ್ದು 1873ರಲ್ಲಿ, ಅಲೆಕ್ಸಾಂಡರ್‌ವೋಲ್‌ನವರು ಬರುವ ಒಂದೇ ವರ್ಷ ಮುಂಚೆ. ಲಾಭದ ಸಾಲು ಬರೆಯುವವರು ಈ ಸಾಲನ್ನೂ ಬರೆಯಬೇಕು.

ನಂತರದ ಉದಾಹರಣೆಗಳ ಜೊತೆ ಇಟ್ಟರೆ ಮೆನೊನೈಟರ ಪ್ರಕರಣದ ವಿಶೇಷ ಇನ್ನೂ ತಿಳಿಯಾಗುತ್ತದೆ. ವಿಯೆಟ್ನಾಂ ಯುದ್ಧಕಾಲದಲ್ಲಿ ಕೆನಡಾಕ್ಕೆ ದಾಟಿದ ಹತ್ತಾರು ಸಾವಿರ ಅಮೆರಿಕನ್ನರು ಹೆಚ್ಚಾಗಿ ಓದಿದ ಯುವಜನ, ಒಬ್ಬೊಬ್ಬರಾಗಿ ಬಂದವರು; 1977ರಲ್ಲಿ ಕಾರ್ಟರ್ ಕ್ಷಮಾದಾನ ಘೋಷಿಸಿದಮೇಲೂ ಹಲವರು ಅಲ್ಲೇ ಶಿಕ್ಷಕರು, ಪ್ರಾಧ್ಯಾಪಕರು, ಲೇಖಕರಾಗಿ ನಿಂತರು. 2022ರ ಸೆಪ್ಟೆಂಬರಿನಲ್ಲಿ ರಷ್ಯಾ ಸೈನ್ಯಕ್ಕೆ ಮತ್ತೆ ಜನ ಸೇರಿಸಲು ಹೊರಟಾಗ ಗಡಿ ದಾಟಿದವರು ಲ್ಯಾಪ್‌ಟಾಪನ್ನೂ ಸಂಬಳವನ್ನೂ ಹೊತ್ತು ಹೋದರು. ಆ ವರ್ಷ ಆರ್ಮೇನಿಯಾ, ಜಾರ್ಜಿಯಾಗಳ ಆರ್ಥಿಕತೆ ಶೇಕಡ 10ಕ್ಕೂ ಹೆಚ್ಚು ಬೆಳೆಯಿತು, ಟಿಬಿಲಿಸಿಯ ಬಾಡಿಗೆ ಸ್ಥಳೀಯರ ಕೈಗೆ ಎಟುಕದಂತಾಯಿತು. ಹಣ ಬಂದಷ್ಟೇ ಬೇಗ ಮುಂದಿನ ಊರಿಗೂ ಹೋಗಬಲ್ಲದು. ಊರಿಗೆ ಊರೇ ಕಿತ್ತು ನೆಟ್ಟ 1874ರ ವಲಸೆ ಅಷ್ಟು ಸಲೀಸಾಗಿ ಮರಳುವಂಥದ್ದಾಗಿರಲಿಲ್ಲ.

ಆದರೆ ಸ್ವಾಗತಿಸುವ ದೇಶದ ಲೆಕ್ಕವೂ ಬದಲಾಗುತ್ತದೆ. 1873ರ ಕೆನಡಾಕ್ಕೆ ಉಳುವವರು ಬೇಕಿತ್ತು. ಮೊದಲ ಮಹಾಯುದ್ಧದಲ್ಲಿ ಸಾವಿರಾರು ಮಕ್ಕಳನ್ನು ಕಳೆದುಕೊಂಡಿದ್ದ ಕೆನಡಾ 1919ರಲ್ಲಿ ಮೆನೊನೈಟರ ಪ್ರವೇಶವನ್ನೇ ನಿಷೇಧಿಸಿತು. ಜರ್ಮನ್ ಮಾತಾಡುವ, ಯುದ್ಧಕ್ಕೆ ಹೋಗದ, ಒಳ್ಳೆಯ ಹೊಲ ಹಿಡಿದ ಜನರ ಮೇಲೆ ನೆರೆಯವರಿಗೆ ಕಣ್ಣಿತ್ತು. ಮ್ಯಾನಿಟೋಬಾ ಅವರ ಜರ್ಮನ್ ಶಾಲೆಗಳನ್ನೂ ಮುಚ್ಚಿಸಿತು. 1922ರಿಂದ ಅವರಲ್ಲಿ ಸಂಪ್ರದಾಯಸ್ಥರು ಸಾವಿರಗಟ್ಟಲೆ ಮೆಕ್ಸಿಕೋದ ಚಿವಾವಾಕ್ಕೆ ಹೊರಟರು. ಕ್ರಾಂತಿಯಿಂದ ಹಾಳುಬಿದ್ದ ಉತ್ತರದಲ್ಲಿ ಬೆಳೆ ತೆಗೆಯುವವರನ್ನು ಹುಡುಕುತ್ತಿದ್ದ ಅಧ್ಯಕ್ಷ ಅಲ್ವಾರೊ ಒಬ್ರೆಗೊನ್, ಹಿಂದೆ ಕ್ಯಾಥರೀನಳೂ ಪಾವೆಲ್‌ನೂ ಕೊಟ್ಟಂಥ ಮಾತನ್ನೇ ಅವರಿಗೆ ಬರೆದುಕೊಟ್ಟಿದ್ದ. ಅದೇ 1922ರಲ್ಲಿ, ಓಂಟಾರಿಯೋದ ಮೆನೊನೈಟ್ ಸೀಮೆಯಲ್ಲೇ ಹುಟ್ಟಿದ್ದ ಪ್ರಧಾನಿ ಮೆಕೆಂಜಿ ಕಿಂಗ್‌ನ ಸರ್ಕಾರ ನಿಷೇಧವನ್ನು ತೆಗೆಯಿತು. ಮರುವರ್ಷದಿಂದ ಕೆನಡಿಯನ್ ಪೆಸಿಫಿಕ್ ರೈಲ್ವೆಯ ಸಾಲದ ಮೇಲೆ ಸೋವಿಯತ್ ಒಕ್ಕೂಟದಿಂದ ಸುಮಾರು 20,000 ಮೆನೊನೈಟರು ಬಂದಿಳಿದರು. ಅಂತರ್ಯುದ್ಧ, ಲೂಟಿ, ಬರಗಾಲ ದಾಟಿ ಬಂದ ಇವರು, 1875ರ ಅರಣ್ಯಸೇವೆಯ ರಾಜಿಗೆ ಒಪ್ಪಿ ಹಿಂದೆ ಉಳಿದಿದ್ದವರ ಮಕ್ಕಳು ಮೊಮ್ಮಕ್ಕಳು. ಅವರಲ್ಲಿ ಹಲವರು ಕೊಂಡದ್ದು ಚಿವಾವಾಕ್ಕೆ ಹೋದವರು ಬಿಟ್ಟ ಹೊಲಗಳನ್ನು.